ಪಟ್ಟಿಯನ್ನು ಅಳಿಸುವವರು ಯಾರು?

ನೋಡಮ್ಮ, ನಿನ್ನೆ ನೀನು ತೋರಿಸಿದ ಅರ್ಜಿ ಪುಟ ಮನಸ್ಸಿನಲ್ಲೇ ಉಳಿದಿದೆ. ಪುಟ ತೆರೆದಾಗಲೆಲ್ಲ ಜಿಲ್ಲೆ, ತಾಲ್ಲೂಕು, ಕೋರ್ಸು ಅಂತ ಡೇಟಾಬೇಸಿಗೆ ಅವೇ ಕ್ವೆರಿಗಳು ಹೋಗುತ್ತಿವೆ. ಕರ್ನಾಟಕಕ್ಕೆ ಇರುವುದು 31 ಜಿಲ್ಲೆ. ವರ್ಷಗಟ್ಟಲೆ ಬದಲಾಗದ ಆ 31 ಸಾಲುಗಳನ್ನು ಪ್ರತಿಸಲ ಯಾಕೆ ಕೇಳಬೇಕು, ಕ್ಯಾಶ್‌ನಲ್ಲಿ ಇಟ್ಟುಬಿಡುತ್ತೇನೆ ಅಂದೆ. ಸರಿಯಾಗೇ ಹೇಳಿದೆ. ಆದರೆ ಇಡುವುದಕ್ಕೆ ಎರಡು ಸಾಲು ಕೋಡು ಸಾಕು. ಕಷ್ಟವೆಲ್ಲ ಇರುವುದು ತೆಗೆಯುವುದರಲ್ಲಿ.

ಅದಕ್ಕೂ ಮುಂಚೆ, ಪುಟ ನಿಧಾನವಾಗಿರುವುದು ಈ ಪಟ್ಟಿಗಳಿಂದಲೇ ಎಂದು ಅಳೆದು ನೋಡಿದೆಯಾ? ಜಿಲ್ಲೆಗಳನ್ನು ತಂದು, ಲೂಪಿನೊಳಗೆ ಒಂದೊಂದು ಜಿಲ್ಲೆಗೂ ತಾಲ್ಲೂಕುಗಳನ್ನು ಕೇಳಿದರೆ 32 ಕ್ವೆರಿ ಆಗುತ್ತದೆ. ಜಾಯಿನ್ ಮಾಡಿದರೆ ಒಂದೇ ಸಾಕು. ಕೆಟ್ಟ ಕ್ವೆರಿಯನ್ನು ಕ್ಯಾಶ್‌ನಿಂದ ಮುಚ್ಚಬೇಡ. ಸರ್ವರ್ ರೀಸ್ಟಾರ್ಟ್ ಆಗಿ ಕ್ಯಾಶ್ ಖಾಲಿಯಾದ ದಿನ ಬಂದವರೆಲ್ಲರ ಭಾರ ಆ ಕೆಟ್ಟ ಕ್ವೆರಿಯ ಮೇಲೆಯೇ ಬೀಳುತ್ತದೆ.

ನಾನು ಪೆಟ್ಟು ತಿಂದದ್ದನ್ನು ಹೇಳುತ್ತೇನೆ, ಕೇಳು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆ ಜಿಲ್ಲೆಯಾಯಿತು. ಆಗ ನನ್ನ ಕೈಯಲ್ಲೊಂದು ಪ್ರವೇಶ ಅರ್ಜಿಯ ಆ್ಯಪ್ ಇತ್ತು. ಟೇಬಲ್‌ಗೆ ಹೊಸ ಸಾಲು ಸೇರಿಸಿ, ಒಮ್ಮೆ ಪುಟ ತೆರೆದು, ಹೆಸರು ಕಂಡಿತೆಂದು ಎದ್ದುಹೋದೆ. ಮರುದಿನ ಹೊಸಪೇಟೆಯ ಹುಡುಗಿಯೊಬ್ಬಳ ಫೋನು. "ಸರ್, ನಮ್ಮ ಜಿಲ್ಲೆ ಒಮ್ಮೆ ಬರುತ್ತದೆ, ರಿಫ್ರೆಶ್ ಮಾಡಿದರೆ ಹೋಗುತ್ತದೆ." ನನಗೆ ನಂಬಿಕೆಯೇ ಬರಲಿಲ್ಲ. ಕೂತು ನೋಡಿದರೆ ಸರ್ವರಿನಲ್ಲಿ ನಾಲ್ಕು ಪ್ರೊಸೆಸ್ ಓಡುತ್ತಿದ್ದವು, ನಾಲ್ಕೂ ತಮ್ಮ ತಮ್ಮ ಮೆಮೊರಿಯಲ್ಲಿ ಪಟ್ಟಿ ಇಟ್ಟುಕೊಂಡಿದ್ದವು. ಹೊಸದನ್ನು ಓದಿಕೊಂಡಿದ್ದು ಒಂದೇ. ಅಷ್ಟರಲ್ಲಿ ಎಷ್ಟೋ ಮಕ್ಕಳು ಬಳ್ಳಾರಿ ಎಂದೇ ತುಂಬಿ ಅರ್ಜಿ ಕಳಿಸಿಯಾಗಿತ್ತು. ಒಂದೊಂದನ್ನೂ ಕೈಯಾರೆ ತಿದ್ದಿದೆ.

ಹೀಗೆ ಪ್ರೊಸೆಸ್‌ಗೊಂದು ಪ್ರತಿ ಆಗಬಾರದು ಎಂದರೆ ಎಲ್ಲರೂ ಒಂದೇ ಕಡೆ ನೋಡಬೇಕು. 2003ರಲ್ಲಿ ಬ್ರ್ಯಾಡ್ ಫಿಟ್ಜ್‌ಪ್ಯಾಟ್ರಿಕ್ ಲೈವ್‌ಜರ್ನಲ್‌ಗೆಂದು ಮೆಮ್‌ಕ್ಯಾಶ್ಡ್ ಬರೆದಾಗ ಮಾಡಿದ್ದೂ ಅದೇ: ಹಲವು ಯಂತ್ರಗಳ ಬಿಡುವಿನ ಮೆಮೊರಿಯನ್ನು ಸೇರಿಸಿ ಒಂದೇ ಕಣಜದಂತೆ ಬಳಸಿದರು. ಈಗ ರೆಡಿಸ್ ಇದೆ, ನಿನಗೆ ಅದು ಧಾರಾಳ. ಡೇಟಾಬೇಸೇ ನೋಡಿಕೊಳ್ಳುತ್ತದೆ ಎಂದು ಕೂರಬೇಡ. ಮೈಎಸ್‌ಕ್ಯೂಎಲ್‌ನಲ್ಲಿದ್ದ ಕ್ವೆರಿ ಕ್ಯಾಶ್ ಅನ್ನು 8.0 ಆವೃತ್ತಿಯಲ್ಲಿ ತೆಗೆದೇಹಾಕಿದ್ದಾರೆ.

ಅಳಿಸುವ ಹೊತ್ತೂ ಮುಖ್ಯ. ಪಟ್ಟಿ ಬದಲಾದಾಗ ಮೊದಲು ಡೇಟಾಬೇಸಿನಲ್ಲಿ ಕಮಿಟ್ ಆಗಲಿ, ಆಮೇಲೆ ಕ್ಯಾಶ್‌ನಲ್ಲಿ ಆ ಪಟ್ಟಿಯ ಕೀ ಅಳಿಸು. ಮುಂಚೆಯೇ ಅಳಿಸಿದೆಯೋ, ಕಮಿಟ್ ಆಗುವಷ್ಟರಲ್ಲಿ ಇನ್ಯಾರೋ ಪುಟ ತೆರೆಯುತ್ತಾರೆ, ಹಳೆಯ ಪಟ್ಟಿಯನ್ನೇ ಓದಿ ಮತ್ತೆ ಕ್ಯಾಶ್‌ಗೆ ತುಂಬಿಸುತ್ತಾರೆ. ಹೊಸ ಪಟ್ಟಿಯನ್ನು ನೀನೇ ಕ್ಯಾಶ್‌ಗೆ ಬರೆಯಲೂ ಹೋಗಬೇಡ. ಅಳಿಸಿ ಬಿಡು, ಮುಂದೆ ಬಂದವರು ತುಂಬಿಕೊಳ್ಳಲಿ. ಇಷ್ಟಾದರೂ ಒಂದು ಅವಧಿ ಇಟ್ಟಿರು, ಜಿಲ್ಲೆಗಳಿಗೆ ಒಂದು ದಿನ ಸಾಕು. ಎಲ್ಲೋ ಅಳಿಸಲು ಮರೆತಿದ್ದರೂ ನಾಳೆಗೆ ಸರಿಹೋಗುತ್ತದೆ. ಕೋರ್ಸಿನಲ್ಲಿ ಉಳಿದ ಸೀಟುಗಳ ಲೆಕ್ಕವನ್ನು ಮಾತ್ರ ಕ್ಯಾಶ್‌ಗೆ ತರಬೇಡ. ಅದು ಹಳತಾದರೆ ಒಂದು ಮಗುವಿಗೆ ಇಲ್ಲದ ಸೀಟಿನ ಆಸೆ ತೋರಿಸಿದಂತೆ.

ಕೀಗೆ ಹೆಸರಿಡುವಾಗ ಭಾಷೆಯನ್ನೂ ಸೇರಿಸು. ನಿನ್ನ ಆ್ಯಪ್ ಕನ್ನಡದಲ್ಲೂ ಇದೆ, ಇಂಗ್ಲಿಷಿನಲ್ಲೂ ಇದೆ. ಕನ್ನಡದ ಅಕಾರಾದಿಯಲ್ಲಿ ಉಡುಪಿ ಮೊದಲು, ಇಂಗ್ಲಿಷಿನಲ್ಲಿ ಬಾಗಲಕೋಟೆ. ಎರಡಕ್ಕೂ ಒಂದೇ ಕೀ ಆದರೆ ಬೆಳಿಗ್ಗೆ ಯಾರು ಮೊದಲು ಪುಟ ತೆರೆದರೋ ಅವರ ಭಾಷೆಯ ಪಟ್ಟಿಯೇ ಎಲ್ಲರಿಗೂ ಹೋಗುತ್ತದೆ.

ನಾಳೆ ಕ್ಯಾಶ್‌ನ ಕೋಡಿಗೆ ಕೈ ಹಾಕುವ ಮೊದಲು, ಜಿಲ್ಲೆ ಟೇಬಲ್‌ಗೆ ಬರೆಯುವ ಜಾಗಗಳನ್ನೆಲ್ಲ ಹುಡುಕು. ಅಡ್ಮಿನ್ ಪುಟ ಒಂದಾಯಿತು. ಎಕ್ಸೆಲ್ ಅಪ್‌ಲೋಡ್ ಮಾಡುವ ಸ್ಕ್ರಿಪ್ಟು ಇನ್ನೊಂದಿರಬಹುದು. ನೇರವಾಗಿ ಡೇಟಾಬೇಸಿಗೇ ಕೈಹಾಕುವವರು ಯಾರಾದರೂ ಇದ್ದಾರಾ, ಅದನ್ನೂ ಕೇಳಿಕೋ, ನಾನು ಜಾರಿದ್ದು ಅಲ್ಲೇ. ಸಿಕ್ಕಿದ್ದನ್ನೆಲ್ಲ ಬರೆದಿಡು, ಸಂಜೆ ಇಬ್ಬರೂ ಕೂತು ನೋಡೋಣ.