ವೈರಸ್ ಹೋದ ಮೇಲೂ ಪಾಸಿಟಿವ್ ಏಕೆ?

ಹೆಪಟೈಟಿಸ್ ಸಿ ಮಾತ್ರೆ ಮುಗಿಸಿ, ವೈರಲ್ ಲೋಡ್ ಪರೀಕ್ಷೆಯಲ್ಲಿ ವೈರಸ್ ಇಲ್ಲವೆಂದು ತಿಳಿದು ನೆಮ್ಮದಿಯಾಗಿದ್ದವರು, ಎಂದೋ ಒಂದು ಸಣ್ಣ ಆಪರೇಷನ್‌ಗೆ ರಕ್ತ ಕೊಟ್ಟಾಗ ಮತ್ತೆ ಗಾಬರಿಯಾಗುತ್ತಾರೆ. ರಿಪೋರ್ಟ್‌ನಲ್ಲಿ 'ಪಾಸಿಟಿವ್' ಎಂದಿರುತ್ತದೆ. ಬೆಂಗಳೂರಿನ ಶಿವಾಜಿನಗರದ ಲ್ಯಾಬ್ ಬಿಟ್ಟು ಇಂದಿರಾನಗರದ ಲ್ಯಾಬಿಗೆ ಹೋದರೂ ಅದೇ ಉತ್ತರ. ಲ್ಯಾಬಿನವರದು ತಪ್ಪಿಲ್ಲ. ಅವರು ಮಾಡುವ ಕಾರ್ಡ್ ಟೆಸ್ಟ್ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ನಮ್ಮ ದೇಹ ತಯಾರಿಸಿದ ಪ್ರತಿಕಾಯವನ್ನು. ವೈರಸ್ ಹೋದರೂ ಪ್ರತಿಕಾಯ ಬಹುಪಾಲು ಜನರಲ್ಲಿ ಬದುಕಿರುವವರೆಗೂ ಉಳಿಯುತ್ತದೆ. ವೈರಸ್ ಇದೆಯೋ ಇಲ್ಲವೋ ಎಂದು ಹೇಳುವುದು ವೈರಲ್ ಲೋಡ್ ಪರೀಕ್ಷೆ. ಅದರ ರಿಪೋರ್ಟನ್ನು ಜೋಪಾನವಾಗಿಟ್ಟುಕೊಳ್ಳಿ.

ಈ ವೈರಸ್ ಪತ್ತೆಯಾದದ್ದು 1989ರಲ್ಲಿ. ಬಹಳ ಕಾಲ ಇಂಟರ್‌ಫೆರಾನ್ ಇಂಜೆಕ್ಷನ್ನೇ ಗತಿಯಾಗಿತ್ತು. ಆರು ತಿಂಗಳು, ಕೆಲವರಿಗೆ ವರ್ಷ, ಜೊತೆಗೆ ಜ್ವರ, ಮೈಕೈ ನೋವು, ಖಿನ್ನತೆ. 2013ರ ಕೊನೆಗೆ ಸೊಫೊಸ್‌ಬುವಿರ್ ಮಾತ್ರೆ ಬಂತು. ಅಮೆರಿಕದಲ್ಲಿ ಹನ್ನೆರಡು ವಾರದ ಕೋರ್ಸಿಗೆ 84,000 ಡಾಲರ್! 2014ರಲ್ಲಿ ಬೆಂಗಳೂರಿನ ಸ್ಟ್ರೈಡ್ಸ್ ಸೇರಿದಂತೆ ಭಾರತದ ಏಳು ತಯಾರಕರಿಗೆ ಪರವಾನಗಿ ಸಿಕ್ಕ ಮೇಲೆ ಇಲ್ಲಿ ಬೆಲೆ ಇಳಿಯಿತು. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಈ ಚಿಕಿತ್ಸೆ ಉಚಿತ. ಬೌರಿಂಗ್, ಇಂದಿರಾನಗರದ ಸಿ.ವಿ. ರಾಮನ್ ಅಥವಾ ಕೆ.ಆರ್. ಪುರದ ಸರ್ಕಾರಿ ಆಸ್ಪತ್ರೆ, ನಿಮಗೆ ಹತ್ತಿರವಾದಲ್ಲಿ ಚಿಕಿತ್ಸಾ ಕೇಂದ್ರ ಎಲ್ಲಿದೆಯೆಂದು ವಿಚಾರಿಸಿ. ಮಾತ್ರೆ ನಿಲ್ಲಿಸಿ ಹನ್ನೆರಡು ವಾರವಾದ ಮೇಲೂ ವೈರಸ್ ಕಾಣದಿದ್ದರೆ ವಾಸಿಯಾದಂತೆ. ನೂರಕ್ಕೆ ತೊಂಬತ್ತೈದು ಮಂದಿಗೆ ಹಾಗೆಯೇ ಆಗುತ್ತದೆ.

ಇನ್ನು ರೋಗನಿರೋಧಕ ವ್ಯವಸ್ಥೆಯ ಮಾತು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಸೋಂಕು ತಗುಲಿದ ಜೀವಕೋಶವನ್ನು ಗುರುತಿಸಿ ಕೊಲ್ಲುವ ಕೆಲಸ ಟಿ ಕೋಶಗಳದು. ನೆಗಡಿಯಾದರೆ ಒಂದು ವಾರದ ದುಡಿಮೆ, ಆಮೇಲೆ ಬಿಡುವು. ಹೆಪಟೈಟಿಸ್ ಸಿ ಹಾಗಲ್ಲ. ಹತ್ತು, ಇಪ್ಪತ್ತು ವರ್ಷ ಲಿವರಿನಲ್ಲೇ ಬೀಡುಬಿಟ್ಟಿರುತ್ತದೆ. ಹಳೇ ಮದ್ರಾಸ್ ರಸ್ತೆಯ ಅಂಚಿಗೆ ಮನೆ ಮಾಡಿದವರಿಗೆ ಕೆಲವು ವರ್ಷಗಳಲ್ಲಿ ಹಾರ್ನ್ ಸದ್ದು ಕೇಳಿಸುವುದೇ ನಿಂತುಹೋಗುತ್ತದಲ್ಲ, ಈ ಟಿ ಕೋಶಗಳೂ ಹಾಗೆಯೇ. ಹೊಡೆದಾಟ ಸದಾ ನಡೆದರೆ ಲಿವರಿಗೇ ಹಾನಿ. ಅದಕ್ಕೇ ಅವು ತಮ್ಮ ಮೈಮೇಲೆ ಪಿಡಿ-1 ಎಂಬ ತಡೆಯನ್ನು ಹಾಕಿಕೊಂಡು ಮಂಕಾಗುತ್ತವೆ. ವಿಜ್ಞಾನಿಗಳು ಇದನ್ನು ಟಿ ಕೋಶಗಳ ದಣಿವು ಎನ್ನುತ್ತಾರೆ. ನನ್ನ ಮಟ್ಟಿಗೆ ಅದು ಸೋಲಲ್ಲ, ದೇಹ ಮಾಡಿಕೊಂಡ ರಾಜಿ.

ಮಾತ್ರೆಯಿಂದ ವೈರಸ್ ಹೋದಾಗ ಈ ದಣಿವು ಕಳೆಯುವುದೇ? ಒಂದಷ್ಟು ಕಳೆಯುತ್ತದೆ. ವರ್ಷಾನುಗಟ್ಟಲೆ ಹೊತ್ತಿಕೊಂಡಿದ್ದ, ದೇಹದ್ದೇ ಆದ ಇಂಟರ್‌ಫೆರಾನ್ ಎಚ್ಚರಿಕೆ ಬೇಗ ಆರುತ್ತದೆ, ಲಿವರಿನ ಉರಿಯೂತ ತಗ್ಗುತ್ತದೆ. ಇನ್ನೊಂದು ಬಗೆಯ ರಕ್ಷಕ ಕೋಶಗಳಾದ ನ್ಯಾಚುರಲ್ ಕಿಲ್ಲರ್ ಕೋಶಗಳು ಕೆಲವೇ ವಾರಗಳಲ್ಲಿ ಬಹುಮಟ್ಟಿಗೆ ಮೊದಲಿನಂತಾಗುತ್ತವೆ. ಟಿ ಕೋಶಗಳು ಮಾತ್ರ ಹೊರನೋಟಕ್ಕೆ ಸುಧಾರಿಸಿಕೊಂಡರೂ ಒಳಗೆ ಹಳೆಯ ಗಾಯ ಇಟ್ಟುಕೊಂಡಿರುತ್ತವೆ. ಯಾವ ಜೀನ್ ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂಬ ಡಿಎನ್ಎ ಮೇಲಿನ ಗುರುತುಗಳು ಬಹುತೇಕ ದಣಿವಿನ ಕಾಲದವೇ ಆಗಿ ಉಳಿಯುತ್ತವೆಂದು 2021ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು. ಅವುಗಳಲ್ಲೇ ಒಂದು ಸೊಗಸಾದ ಸಂಗತಿಯಿದೆ. ವೈರಸ್ ತನ್ನ ರೂಪ ಬದಲಿಸಿದ್ದರಿಂದ ಅದನ್ನು ಗುರುತಿಸಲಾಗದೆ ಸುಮ್ಮನಿದ್ದ ಟಿ ಕೋಶಗಳು ಹೆಚ್ಚು ಆರೋಗ್ಯವಾಗಿದ್ದವು. ದಣಿದದ್ದು ಬಿಡುವಿಲ್ಲದೆ ದುಡಿದವು.

ಇದರಿಂದ ನಮಗೆ ತಿಳಿಯಬೇಕಾದ ವಿಷಯ ಸರಳ. ಒಮ್ಮೆ ವಾಸಿಯಾದವರಿಗೂ ಹೆಪಟೈಟಿಸ್ ಸಿ ಮತ್ತೆ ಬರಬಹುದು. ಆ ಪ್ರತಿಕಾಯ ರಕ್ಷಣೆ ಕೊಡುವುದಿಲ್ಲ, ಲಸಿಕೆಯೂ ಇಲ್ಲ. ಹಂಚಿಕೊಂಡ ಸೂಜಿ, ಶುಚಿಯಿಲ್ಲದ ಹಚ್ಚೆ, ಇನ್ನೊಬ್ಬರ ರೇಜರ್ ಇವು ಚಿಕಿತ್ಸೆಗೆ ಮುಂಚೆ ಎಷ್ಟು ಅಪಾಯವೋ ಆಮೇಲೂ ಅಷ್ಟೇ. ಲಿವರ್ ಗಟ್ಟಿಯಾಗಿ ಸಿರೋಸಿಸ್ ಆಗಿಹೋಗಿದ್ದವರಿಗೆ ಲಿವರ್ ಕ್ಯಾನ್ಸರ್ ಅಪಾಯ ಕಡಿಮೆಯಾಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಬಿಡಬಾರದು.

ಹೆಪಟೈಟಿಸ್ ಬಿ ಕತೆ ಬೇರೆ. ಅದರ ಡಿಎನ್ಎ ಲಿವರ್ ಕೋಶದ ಕೇಂದ್ರದಲ್ಲೇ ಉಳಿಯುವುದರಿಂದ ಟೆನೊಫೊವಿರ್ ಮಾತ್ರೆ ವೈರಸ್ಸನ್ನು ಹತ್ತಿಕ್ಕುತ್ತದೆಯೇ ಹೊರತು ಬೇರು ಕೀಳುವುದಿಲ್ಲ. ಚೆನ್ನಾಗಿದ್ದೇನೆಂದು ತಾವಾಗಿಯೇ ಮಾತ್ರೆ ಬಿಟ್ಟರೆ ವೈರಸ್ ಮತ್ತೆ ಏರಿ ಲಿವರ್ ಕೆಡಬಹುದು. ಎರಡೂ ವೈರಸ್ ಇದ್ದವರಲ್ಲಿ ಸಾಮಾನ್ಯವಾಗಿ ಸಿ ವೈರಸ್ಸೇ ಬಿ ವೈರಸ್ಸನ್ನು ಅದುಮಿಟ್ಟಿರುತ್ತದೆ. ಸಿ ಹೋದೊಡನೆ ಬಿ ತಲೆಯೆತ್ತಬಹುದು. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು. ಸಿ ಮಾತ್ರೆ ಶುರುಮಾಡುವ ಮೊದಲು ಡಾಕ್ಟರು ಹೆಪಟೈಟಿಸ್ ಬಿ ಪರೀಕ್ಷೆಯನ್ನೂ ಬರೆದುಕೊಡುವುದು ಇದೇ ಕಾರಣಕ್ಕೆ.