ಕಣದ ಗಾತ್ರ ಸರಿಯಿದ್ದೂ ರಕ್ತಹೀನತೆ

ವಿದ್ಯಾರ್ಥಿಗಳೇ, ರಕ್ತಹೀನತೆಯೆಂದರೆ ಮೈಯೊಳಗಿನ ನೆತ್ತರೆಲ್ಲ ಬತ್ತಿತೆಂದು ಅರ್ಥವಲ್ಲ. ಪ್ರಾಣವಾಯುವನ್ನು ಹೊರುವ ಹಿಮೋಗ್ಲೋಬಿನ್ ಎಂಬ ಕೆಂಪು ದ್ರವ್ಯವು ರಕ್ತದಲ್ಲಿ ಇರಬೇಕಾದಷ್ಟು ಇಲ್ಲವೆಂದು ಅರ್ಥ. ಈ ದ್ರವ್ಯವು ಕೆಂಪು ರಕ್ತಕಣಗಳಲ್ಲಿರುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಕಣದ ಸರಾಸರಿ ಗಾತ್ರ 80ರಿಂದ 100 ಫೆಮ್ಟೋಲೀಟರ್. ಅದರ ಆಯುಷ್ಯ ಸುಮಾರು 120 ದಿನ.

ಕಬ್ಬಿಣಾಂಶದ ಕೊರತೆ ಬಲಿತಾಗ ಕಣಗಳು ಕಿರಿದಾಗುತ್ತವೆ. ಫೋಲೇಟ್ ಅಥವಾ ಬಿ-12 ಜೀವಸತ್ವ ಸಾಲದಾದಾಗ ಹಿರಿದಾಗುತ್ತವೆ. ಈ ಎರಡನೆಯ ಬಗೆಯನ್ನು 1928ರಲ್ಲಿ ನಮ್ಮ ಮುಂಬಯಿಗೆ ಬಂದ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಇಲ್ಲಿಯ ಬಡ ಗರ್ಭಿಣಿಯರಲ್ಲಿ ಅಭ್ಯಸಿಸಿ, ಯೀಸ್ಟಿನ ಸಾರದಿಂದ ಅದು ಗುಣವಾಗುವುದನ್ನು 1931ರಲ್ಲಿ ಪ್ರಕಟಪಡಿಸಿದರು. ಮೂರನೆಯದೊಂದು ಬಗೆಯುಂಟು. ಅದರಲ್ಲಿ ಕಣಗಳ ಗಾತ್ರ ಸರಿಯಾಗಿಯೇ ಇರುತ್ತದೆ. ಸಂಖ್ಯೆ ಮಾತ್ರ ಸಾಲದು.

ಸಂಖ್ಯೆ ಏಕೆ ಕುಗ್ಗುತ್ತದೆ? ಗಾಯವಾಗಿ ರಕ್ತ ಹರಿದುಹೋಗಬಹುದು. ಮಲೇರಿಯಾದಲ್ಲಿ ಆಗುವಂತೆ ಕಣಗಳು ಅಕಾಲದಲ್ಲಿ ಒಡೆಯಬಹುದು. ಇಲ್ಲವೇ, ಕಣಗಳು ಹುಟ್ಟುವ ತಾಣವಾದ ಎಲುಬಿನ ಮಜ್ಜೆಯು ಸಾಕಷ್ಟು ಹೊಸ ಕಣಗಳನ್ನು ಉತ್ಪತ್ತಿಮಾಡದಿರಬಹುದು. ಮೂತ್ರಪಿಂಡಕ್ಕೂ ರಕ್ತಕ್ಕೂ ಏನು ನಂಟೆಂದು ನೀವು ಕೇಳಬಹುದು. ಕಣಗಳನ್ನು ಹುಟ್ಟಿಸೆಂದು ಮಜ್ಜೆಗೆ ಆಜ್ಞೆ ಒಯ್ಯುವ ಎರಿತ್ರೋಪೊಯಿಟಿನ್ ಎಂಬ ರಸವು ಮುಖ್ಯವಾಗಿ ಮೂತ್ರಪಿಂಡದಲ್ಲಿಯೇ ತಯಾರಾಗುತ್ತದೆ. ಪಿಂಡ ಕೆಟ್ಟರೆ ಆಜ್ಞೆಯೇ ಹೊರಡದು. ಕ್ಷಯ, ಕೀಲುವಾತದಂತಹ ದೀರ್ಘ ವ್ಯಾಧಿಗಳಲ್ಲಿ ಇನ್ನೊಂದು ವಿಚಿತ್ರ: ದೇಹದ ಉಗ್ರಾಣದಲ್ಲಿ ಕಬ್ಬಿಣವಿದ್ದರೂ ಅದು ಮಜ್ಜೆಗೆ ದೊರೆಯದೆ ಬೀಗದೊಳಗೆ ಉಳಿಯುತ್ತದೆ. ಇಂತಹ ರೋಗಿಗೆ ಅಂಗಡಿಯ ಟಾನಿಕ್ಕನ್ನು ಸೀಸೆಗಟ್ಟಲೆ ಕುಡಿಸುವುದು ದುಡ್ಡಿನ ದಂಡ. ಅದಕ್ಕಿಂತ ಕೆಟ್ಟದ್ದೆಂದರೆ, ಅಷ್ಟರಲ್ಲಿ ಮೂಲವ್ಯಾಧಿಯನ್ನು ಹುಡುಕುವ ಕಾಲವೂ ಕಳೆದುಹೋಗುತ್ತದೆ.

ಕಾರಣವನ್ನು ಬೇರ್ಪಡಿಸಲು ವೈದ್ಯರು ಮೊದಲು ಎಳೆಯ ಕಣಗಳನ್ನು ಎಣಿಸಿಸುತ್ತಾರೆ. ಮಜ್ಜೆಯಿಂದ ಆಗತಾನೇ ಹೊರಬಿದ್ದ ಈ ಕಣಗಳಿಗೆ ವಿಶೇಷವಾದ ನೀಲಿ ಬಣ್ಣ ಹಾಕಿದರೆ ಒಳಗೆ ಬಲೆಯಂತಹ ಎಳೆಗಳು ತೋರುತ್ತವೆ. ಆದುದರಿಂದಲೇ ಅವುಗಳಿಗೆ ರೆಟಿಕ್ಯುಲೋಸೈಟ್ ಎಂದು ಹೆಸರು. ಅವು ಹೆಚ್ಚಿದ್ದರೆ ಮಜ್ಜೆ ದುಡಿಯುತ್ತಿದೆ, ಕಣಗಳು ಸೋರುತ್ತಿವೆ ಅಥವಾ ಒಡೆಯುತ್ತಿವೆ ಎಂದು ತಿಳಿಯಬಹುದು. ಒಡೆಯುತ್ತಿದ್ದರೆ ಕಣ್ಣು ಹಳದಿಯಾಗುವುದೂ ಉಂಟು. ಎಳೆಯ ಕಣಗಳು ಕಡಿಮೆಯಿದ್ದರೆ ಮೂತ್ರಪಿಂಡ, ಕಬ್ಬಿಣದ ದಾಸ್ತಾನು, ದೀರ್ಘ ವ್ಯಾಧಿ ಇವುಗಳ ಪರೀಕ್ಷೆ ನಡೆಯುತ್ತದೆ. ಅಪರೂಪವಾಗಿ ಮಜ್ಜೆಯನ್ನೇ ತೆಗೆದು ನೋಡಬೇಕಾಗುತ್ತದೆ. ಆದರೆ ರಕ್ತ ಹರಿದ ಮೊದಲ ಕೆಲವು ಗಂಟೆಗಳಲ್ಲಿ ಹಿಮೋಗ್ಲೋಬಿನ್ ಅಂಕಿ ಕುಗ್ಗಿರುವುದಿಲ್ಲ. ಕಣಗಳೂ ದ್ರವವೂ ಒಟ್ಟಿಗೇ ಹೋಗಿರುತ್ತವಷ್ಟೆ.

ಇನ್ನೊಂದು ಮೋಸವನ್ನು ಗಣಿತ ಬಲ್ಲ ನೀವು ಬೇಗ ಹಿಡಿಯುವಿರಿ. ಯಂತ್ರವು ತಿಳಿಸುವ ಗಾತ್ರ ಸರಾಸರಿಯದು. 60ರ ಕಣಗಳೂ 120ರ ಕಣಗಳೂ ಸಮಸಂಖ್ಯೆಯಲ್ಲಿದ್ದರೆ ಸರಾಸರಿ 90. ಕಾಗದದ ಮೇಲೆ ಎಲ್ಲವೂ ಸರಿ! ಕಬ್ಬಿಣವೂ ಬಿ-12 ಸತ್ವವೂ ಒಟ್ಟಿಗೆ ಸಾಲದವರಲ್ಲಿ ಹೀಗಾಗಬಹುದು. ಅಂತಹವರ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ತೆಳ್ಳಗೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಸಣ್ಣ ಕಣಗಳೂ ದೊಡ್ಡ ಕಣಗಳೂ ಅಕ್ಕಪಕ್ಕದಲ್ಲಿಯೇ ಕಾಣಸಿಗುತ್ತವೆ.