ಅಂಗಾಂಗ ದಾನ: ಮನೆಯವರಿಗೆ ಮೊದಲೇ ತಿಳಿದಿರಲಿ

ಅಡಿಕೆ ಮರದಿಂದ ಬಿದ್ದೋ ರಸ್ತೆ ಅಪಘಾತದಲ್ಲೋ ತಲೆಗೆ ಪೆಟ್ಟಾದವರನ್ನು ನಮ್ಮ ಕಾಸರಗೋಡು, ಮಂಜೇಶ್ವರ ಕಡೆಯಿಂದ ಮಂಗಳೂರಿನ ಆಸ್ಪತ್ರೆಗಳಿಗೆ ಒಯ್ಯುವುದು ರೂಢಿ. ಕೆಲವೊಮ್ಮೆ ಅಲ್ಲಿ, "ಮೆದುಳು ಸತ್ತಿದೆ, ಅಂಗಾಂಗ ದಾನ ಮಾಡುವಿರಾ?" ಎಂಬ ಪ್ರಶ್ನೆ ಬರುತ್ತದೆ. ಎದೆ ಏರಿಳಿಯುತ್ತಿರುವಾಗ ಸಾವೆಂದು ನಂಬುವುದು ಹೇಗೆ? ಈ ಅಳುಕು ಸಹಜ. ಆದ್ದರಿಂದಲೇ ವಿಷಯವನ್ನು ಮೊದಲೇ ತಿಳಿದಿರೋಣ.

ಮೆದುಳಿನ ಕಾಂಡದ ಕೆಲಸ ಶಾಶ್ವತವಾಗಿ ನಿಂತರೆ ಮನುಷ್ಯ ತಾನಾಗಿ ಉಸಿರಾಡಲಾರ. ಯಂತ್ರ ಉಸಿರು ತುಂಬುವುದರಿಂದ ಹೃದಯ ಸ್ವಲ್ಪ ಕಾಲ ಬಡಿಯುತ್ತದೆ, ಅಷ್ಟೆ. ಇದು ಕೋಮಾ ಅಲ್ಲ. ಕೋಮಾದಿಂದ ಎಚ್ಚರವಾದವರುಂಟು; ಇದರಿಂದ ಮರಳುವಂತಿಲ್ಲ. 1994ರ ಕಾಯಿದೆಯಂತೆ ನಾಲ್ವರು ವೈದ್ಯರ ಮಂಡಳಿ ಇದನ್ನು ದೃಢಪಡಿಸಬೇಕು. ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷೆ ನಡೆಯಬೇಕು. ಅಂಗ ಕಸಿ ಮಾಡುವ ತಂಡದವರು ಈ ಮಂಡಳಿಯಲ್ಲಿ ಇರಕೂಡದು.

ದಾನವಾದ ಅಂಗ ಯಾರಿಗೆ ಸಲ್ಲುತ್ತದೆ? ಮೊದಲು ಆ ಆಸ್ಪತ್ರೆ ಇರುವ ರಾಜ್ಯದಲ್ಲಿ ಹೆಸರು ನೋಂದಾಯಿಸಿ ಕಾಯುತ್ತಿರುವವರಿಗೆ. ಕರ್ನಾಟಕದಲ್ಲಿ 'ಜೀವಸಾರ್ಥಕತೆ', ಕೇರಳದಲ್ಲಿ 'ಕೆ-ಸೊಟ್ಟೊ' ಈ ಪಟ್ಟಿಯನ್ನು ನೋಡಿಕೊಳ್ಳುತ್ತವೆ. ಅಲ್ಲಿ ಹೊಂದುವವರು ಸಿಗದಿದ್ದರೆ ಚೆನ್ನೈಯ ವಲಯ ಕೇಂದ್ರ, ಬಳಿಕ ದೆಹಲಿಯ ರಾಷ್ಟ್ರೀಯ ಸಂಸ್ಥೆ 'ನೊಟ್ಟೊ' ದೇಶದ ಬೇರೆಡೆ ಹುಡುಕುತ್ತವೆ. ಹೊರತೆಗೆದ ಹೃದಯ 4ರಿಂದ 6 ಗಂಟೆಯೊಳಗೆ ಇನ್ನೊಬ್ಬರ ಎದೆ ಸೇರಬೇಕು. ಆದ್ದರಿಂದ ಹತ್ತಿರದವರಿಗೆ ಮೊದಲ ಪಾಲು.

ನಮ್ಮ ಗಡಿನಾಡಿನವರಿಗೆ ಇನ್ನೊಂದು ತೊಡಕಿದೆ. ರೇಶನ್ ಕಾರ್ಡು ಕೇರಳದ್ದು, ಡಯಾಲಿಸಿಸ್ ಮಂಗಳೂರಿನಲ್ಲಿ. ಅಂಗಕ್ಕಾಗಿ ನೋಂದಾಯಿಸಲು ಆ ರಾಜ್ಯದ ನಿವಾಸಿಯೇ ಆಗಿರಬೇಕೆಂಬ ಷರತ್ತನ್ನು ಕೈಬಿಡುವಂತೆ ಕೇಂದ್ರ ಸರಕಾರ 2023ರಲ್ಲಿ ರಾಜ್ಯಗಳಿಗೆ ಸೂಚಿಸಿತು. 65 ವರ್ಷದ ಮಿತಿಯೂ ಹೋಯಿತು. ಕಿಡ್ನಿ ಕಾಯಿಲೆಯವರು ತಮ್ಮ ಆಸ್ಪತ್ರೆಯ ಕಸಿ ಸಂಯೋಜಕರಲ್ಲಿ ಇದನ್ನು ವಿಚಾರಿಸಲಿ. ಹಣಕ್ಕೆ ಕಿಡ್ನಿ ಕೊಡಿಸುತ್ತೇವೆನ್ನುವ ದಲ್ಲಾಳಿಗಳ ಮಾತಿಗೆ ಮರುಳಾಗಬೇಡಿ. ಕೊಳ್ಳುವುದೂ ಮಾರುವುದೂ ಅಪರಾಧ.

ದಾನದ ಕಾರ್ಡು ಬರೆದು ಪೆಟ್ಟಿಗೆಯಲ್ಲಿಟ್ಟರೆ ಸಾಲದು. ಆ ಗಳಿಗೆಯಲ್ಲಿ ವೈದ್ಯರು ಕೇಳುವುದು ಮನೆಯವರನ್ನು. ಅವರು ಒಪ್ಪದಿದ್ದರೆ ಕಾರ್ಡು ಕಾಗದವಾಗಿಯೇ ಉಳಿಯುತ್ತದೆ. ಕೊಡಬೇಕೆಂದಿದ್ದರೂ ಬೇಡವೆಂದಿದ್ದರೂ ಇಂದು ರಾತ್ರಿ ಊಟಕ್ಕೆ ಕುಳಿತಾಗ ಮನೆಮಂದಿಗೆ ತಿಳಿಸೋಣ. ದುಃಖದ ಹೊತ್ತಿನಲ್ಲಿ ಅವರ ಅರ್ಧ ಭಾರ ಇಳಿಯುತ್ತದೆ.